ಅನುಕರಣದ ಚಲನೆಯೂ ನಿಜವಾದ ಅಭ್ಯಾಸವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೊಳ್ಳೇಗಾಲದಲ್ಲಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಕಾರ್ಯಕರ್ತರು ವಿಜ್ಞಾನಕ್ಕೆ ಸಂಬಂಧಪಟ್ಟ ವಿಷಯವೊಂದನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ನನಗೆ ಅಪ್ಪಣೆಮಾಡಿದರು. ಬಹುಕಾಲ ಪಾಠಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಈ ಅಪ್ಪಣೆಯು ಸಂತೋಷವನ್ನೇ ಉಂಟುಮಾಡಿತು. ನಾನು ಆರಿಸಿಕೊಂಡಿರುವ ವಿಷಯವು ಕೇಳುವುದಕ್ಕೆ ಸ್ವಲ್ಪ ಹೊಸದಾಗಿ ತೋರಬಹುದು. ಕುಳಿತಲ್ಲಿಯೇ ಕುಳಿತಿದ್ದರೂ ಓಡುತ್ತಿರುವಂತೆ, ಹಾರುತ್ತಿರುವಂತೆ ಶರೀರಕ್ಕೆ ಭ್ರಮೆಯನ್ನುಂಟುಮಾಡತಕ್ಕ ಯಂತ್ರಗಳು ಈಗ ಲೋಕದಲ್ಲಿ ಬಹಳವಾಗಿ ಬಳಕೆಗೆ ಬಂದಿರುವುವು. ಅವುಗಳಿಗೆ ಮೋಷನ್ ಸಿಮ್ಯುಲೇಟರ್ ಎಂದು ಹೆಸರು; ಚಲನಾನುಕರಣ ಯಂತ್ರವೆಂದು ನಾವು ಕರೆಯಬಹುದು. ಇವುಗಳ ತಂಗಿಯೆಂಬಂತೆ, ಮುಖಕ್ಕೆ ದೊಡ್ಡ ಕನ್ನಡಕದಂತಹ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವೇ ಕಾಣುವಂತೆ ಮಾಡುವ ವರ್ಚುವಲ್ ರಿಯಾಲಿಟಿ, ಎಂದರೆ ಮಿಥ್ಯಾವಾಸ್ತವವೆಂಬ ವಿದ್ಯೆಯೂ ಬೆಳೆದಿರುವುದು. ಇವುಗಳಿಂದ ನಮಗೇನು ಎಂದು ನೀವು ಕೇಳಬಹುದು. ನಮ್ಮ ಮಕ್ಕಳ ಪ್ರಾಣಕ್ಕೂ ನಮ್ಮ ಬೆಟ್ಟದ ದಾರಿಗೂ ಇದರಲ್ಲಿ ಸಂಬಂಧವಿದೆಯೆಂದು ನಾನು ಬಲ್ಲೆನಾದಕಾರಣವೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ನಮಗೆಲ್ಲ ಪರಿಚಿತವಾದ ಒಂದು ಸಂಗತಿಯಿಂದ ಮೊದಲುಮಾಡುತ್ತೇನೆ. ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಬಸ್ಸು ಏರತೊಡಗಿತೆಂದರೆ, ಒಂದೆರಡು ತಿರುವುಗಳಲ್ಲಿಯೇ ಹೆಂಗಸರು ಮಕ್ಕಳಿಗೆ ತಲೆ ಸುತ್ತಿ, ಹೊಟ್ಟೆ ತೊಳಸುವುದನ್ನು ನೀವೆಲ್ಲರೂ ಕಂಡಿದ್ದೀರಿ. ನಿಂಬೆಯ ಹಣ್ಣನ್ನು ಮೂಸುತ್ತಾ ಕುಳಿತ ಗಂಡಸರನ್ನೂ ಕಂಡಿದ್ದೀರಿ. ಆದರೆ ಬಸ್ಸನ್ನು ನಡೆಸುವ ಚಾಲಕನಿಗೆ ತಲೆ ಸುತ್ತಿದ್ದನ್ನು ಯಾರಾದರೂ ಕಂಡದ್ದುಂಟೆ? ಅದೇ ಬಸ್ಸು, ಅದೇ ತಿರುವು, ಅದೇ ಕುಲುಕಾಟ. ಈ ವ್ಯತ್ಯಾಸಕ್ಕೆ ಕಾರಣವೇನು?

ನಮ್ಮ ಕಿವಿಯು ಕೇಳುವುದಕ್ಕೆ ಮಾತ್ರ ಏರ್ಪಟ್ಟ ಇಂದ್ರಿಯವಲ್ಲ. ಒಳಗಿವಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಅರ್ಧವೃತ್ತದ ನಾಳಗಳಿರುವುವು. ಅವುಗಳಲ್ಲಿ ದ್ರವವು ತುಂಬಿರುವುದು. ತಲೆಯು ಯಾವ ಕಡೆಗೆ ತಿರುಗಿದರೂ ಆ ದ್ರವವು ಒಂದು ಕ್ಷಣ ಹಿಂದುಳಿದು, ಅಲ್ಲಿನ ಸೂಕ್ಷ್ಮವಾದ ರೋಮಗಳನ್ನು ಬಾಗಿಸಿ, ತಿರುಗಿದೆವೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು. ಅವುಗಳ ಪಕ್ಕದಲ್ಲಿಯೇ ಎರಡು ಚೀಲಗಳಲ್ಲಿ ಸುಣ್ಣದ ಸಣ್ಣ ಹರಳುಗಳು ಲೋಳೆಯಂತಹ ಪದರದ ಮೇಲೆ ಕುಳಿತಿರುವುವು. ಮುಂದಕ್ಕೆ ನುಗ್ಗಿದೆವೋ, ಹಿಂದಕ್ಕೆ ವಾಲಿದೆವೋ ಎಂಬುದನ್ನು ಇವು ತಿಳಿಸುವುವು. ಬೆಟ್ಟದ ತಿರುವಿನಲ್ಲಿ ಕಿವಿಯು "ತಿರುಗುತ್ತಿದ್ದೇವೆ" ಎನ್ನುವಾಗ, ಮುಂದಿನ ಆಸನದ ಬೆನ್ನನ್ನೇ ನೋಡುತ್ತಿರುವ ಕಣ್ಣು "ಇಲ್ಲ, ಎಲ್ಲವೂ ನಿಂತಿದೆ" ಎನ್ನುವುದು. ಈ ಇಬ್ಬರು ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದದಿರುವುದೇ ತಲೆಸುತ್ತಿಗೆ ಮೂಲವೆಂದು ವೈದ್ಯರು ಹೇಳುತ್ತಾರೆ. ಚಾಲಕನಾದರೋ ದಾರಿಯನ್ನೇ ನೋಡುತ್ತಿರುವನು; ತಿರುವು ಬರುವುದಕ್ಕೆ ಮುಂಚೆಯೇ ಅವನ ಮನಸ್ಸು ತಿರುಗಿರುವುದು. ಅವನ ಕಣ್ಣಿಗೂ ಕಿವಿಗೂ ಕೈಗೂ ಜಗಳವಿಲ್ಲ. ಮುಖಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಮಿಥ್ಯಾವಾಸ್ತವವನ್ನು ನೋಡುವವರಿಗೆ ವಾಕರಿಕೆ ಬರುವುದುಂಟಷ್ಟೆ. ಅಲ್ಲಿ ವ್ಯಾಜ್ಯವು ತಲೆಕೆಳಗು. ಕಣ್ಣು ಓಡುತ್ತಿರುವುದು, ಕಿವಿಯು ಕುರ್ಚಿಯಲ್ಲಿಯೇ ಕುಳಿತಿರುವುದು.

ಇನ್ನು ಯಂತ್ರವು ಶರೀರವನ್ನು ವಂಚಿಸುವ ಬಗೆಯನ್ನು ನೋಡೋಣ. ಒಳಗಿವಿಯ ಹರಳುಗಳಿಗೆ ಒಂದು ದೌರ್ಬಲ್ಯವಿದೆ. ವೇಗವು ಏರಿದ್ದರಿಂದ ಬೆನ್ನು ಆಸನಕ್ಕೆ ಒತ್ತಿತೋ, ಆಸನವೇ ಹಿಂದಕ್ಕೆ ವಾಲಿದ್ದರಿಂದ ಒತ್ತಿತೋ ಎಂಬುದನ್ನು ಅವು ವಿವೇಚಿಸಲಾರವು. ಆದಕಾರಣ ಯಂತ್ರವು ಕಣ್ಣಿನ ಮುಂದೆ ಮಟ್ಟಸವಾದ ದಾರಿಯ ಚಿತ್ರವನ್ನು ತೋರಿಸುತ್ತಾ, ಗೊತ್ತಾಗದಷ್ಟು ಮೆಲ್ಲಗೆ ಆಸನವನ್ನು ಹಿಂದಕ್ಕೆ ವಾಲಿಸಿದರೆ, ಕುಳಿತವನಿಗೆ ಗಾಡಿಯು ವೇಗವಾಗಿ ಮುನ್ನುಗ್ಗುತ್ತಿದೆಯೆಂದೇ ತೋರುವುದು. ಮುಂದಕ್ಕೆ ಬಾಗಿಸಿದರೆ ಬ್ರೇಕು ಹಾಕಿದಂತಾಗುವುದು. ಮೊದಲ ಕುಲುಕನ್ನು ಮಾತ್ರ ನಿಜವಾಗಿಯೇ ಕೊಟ್ಟು, ಆಮೇಲೆ ಕುಳಿತವನ ಅರಿವಿಗೆ ಬಾರದಂತೆ ಯಂತ್ರವು ತನ್ನ ನಡುಸ್ಥಾನಕ್ಕೆ ಮರಳಿಬಿಡುವುದು. ದೊಡ್ಡ ಯಂತ್ರಗಳು ಆರು ಕಾಲುಗಳ ಮೇಲೆ ನಿಂತಿರುವುವು. ಈ ಕಾಲುಗಳು ಬೇರೆ ಬೇರೆಯಾಗಿ ನೀಳವಾಗಿಯೂ ಗಿಡ್ಡವಾಗಿಯೂ ಆಗಬಲ್ಲವಾದ್ದರಿಂದ ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುವ ಮೂರು ಚಲನೆಗಳೂ, ವಾಲುವ, ಬಾಗುವ, ತಿರುಗುವ ಮೂರು ಚಲನೆಗಳೂ ಸಾಧ್ಯವಾಗುವುವು. ಈ ಆರು ಕಾಲಿನ ಪೀಠವನ್ನು 1954ರಲ್ಲಿ ಇಂಗ್ಲೆಂಡಿನಲ್ಲಿ ಎರಿಕ್ ಗಫ್ ಎಂಬುವರು ಕಟ್ಟಿದ್ದು ಮೋಟಾರಿನ ಟೈರುಗಳನ್ನು ಪರೀಕ್ಷಿಸುವುದಕ್ಕಾಗಿ! 1965ರಲ್ಲಿ ಸ್ಟೀವರ್ಟ್ ಎಂಬುವರು ಇಂತಹ ಪೀಠವನ್ನು ವಿಮಾನಶಿಕ್ಷಣಕ್ಕೆ ಬಳಸಬಹುದೆಂದು ಬರೆದರು. ಈಗ ಇದು ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಆದರೆ ಈ ವಿದ್ಯೆಯ ಮೂಲವು ಇದಕ್ಕಿಂತ ಹಳೆಯದು. ಅದರ ಕಥೆಯೂ ಸ್ವಾರಸ್ಯವಾದುದು. ಅಮೆರಿಕದ ಬಿಂಗ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನಿದ್ದನು. ಅವನ ತಂದೆಯದು ಆರ್ಗನ್ ಮತ್ತು ಪಿಯಾನೋ ವಾದ್ಯಗಳ ಕಾರ್ಖಾನೆ. ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತೆ ಆ ಆರ್ಗನ್ನುಗಳಲ್ಲಿಯೂ ಗಾಳಿಯ ತಿದಿಗಳೇ ಮುಖ್ಯ. ವಿಮಾನ ನಡೆಸುವುದನ್ನು ಕಲಿಯಬೇಕೆಂಬ ಹಂಬಲವಿದ್ದರೂ ಕಲಿಯುವ ವೆಚ್ಚವು ವಿಪರೀತವಾಗಿದ್ದುದರಿಂದ, ಅವನು ತಂದೆಯ ಕಾರ್ಖಾನೆಯ ತಿದಿಗಳ ಮೇಲೆಯೇ ಒಂದು ಪುಟ್ಟ ವಿಮಾನದ ಬೊಂಬೆಯನ್ನು ಕೂರಿಸಿ, ಕೋಲನ್ನು ಆಡಿಸಿದಂತೆ ಅದು ವಾಲುವ ಹಾಗೆ ಮಾಡಿದನು. 1929ರಲ್ಲಿ ಇದಕ್ಕೆ ಪೇಟೆಂಟನ್ನು ಬೇಡಿ, 1931ರಲ್ಲಿ ಪಡೆದನು. ಆ ಪೇಟೆಂಟಿನ ಶಿರೋನಾಮೆಯಲ್ಲಿ ಇದು ವಿಮಾನ ವಿದ್ಯಾರ್ಥಿಗಳ ಶಿಕ್ಷಣಕ್ಕೂ ವಿನೋದಕ್ಕೂ ಆಗುವ ಸಾಧನವೆಂದು ಎರಡನ್ನೂ ಕೂಡಿಸಿಯೇ ಹೇಳಿರುವುದು. ವಿಮಾನಶಾಲೆಗಳವರು ಅದನ್ನು ಆಟಿಕೆಯೆಂದು ತಳ್ಳಿಹಾಕಿದರು. ಕೊಂಡವರು ಯಾರೆಂದರೆ ವಿನೋದವನಗಳವರು! ನಮ್ಮ ಚಿಕ್ಕಲ್ಲೂರು ಜಾತ್ರೆಯ ತಿರುಗುವ ತೊಟ್ಟಿಲಿನ ಪಕ್ಕದಲ್ಲಿ ನಿಲ್ಲತಕ್ಕ ವಸ್ತುವಾಗಿ ಅದು ಕೆಲವು ವರ್ಷ ಬಾಳಿತು.

1934ರಲ್ಲಿ ಅಮೆರಿಕದ ಸರ್ಕಾರವು ಟಪಾಲನ್ನು ವಿಮಾನದಲ್ಲಿ ಸಾಗಿಸುವ ಕೆಲಸವನ್ನು ಸೈನ್ಯಕ್ಕೆ ವಹಿಸಿತು. ಮಂಜಿನಲ್ಲಿಯೂ ರಾತ್ರಿಯಲ್ಲಿಯೂ ಬರಿಯ ಉಪಕರಣಗಳನ್ನು ನಂಬಿ ಹಾರುವ ಅಭ್ಯಾಸವು ಸೈನ್ಯದ ವಿಮಾನಚಾಲಕರಿಗೆ ಸಾಲದಾಗಿ, ಕೆಲವೇ ವಾರಗಳಲ್ಲಿ ಹನ್ನೆರಡು ಮಂದಿ ತೀರಿಕೊಂಡರು. ಆಗ ಸೈನ್ಯಾಧಿಕಾರಿಗಳು ಆ ಆಟಿಕೆಯನ್ನು ನೆನೆದರು. ಆರು ಯಂತ್ರಗಳನ್ನು ಕೊಂಡರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಸುಮಾರು 10,000 ಲಿಂಕ್ ಯಂತ್ರಗಳು ತಯಾರಾಗಿ, ಐದು ಲಕ್ಷಕ್ಕೂ ಮೇಲ್ಪಟ್ಟ ವಿಮಾನಿಕರು ಅವುಗಳಲ್ಲಿ ಕುಳಿತು ಕಲಿತರೆಂದು ಲೆಕ್ಕವಿದೆ.

ಇಲ್ಲಿ ಒಂದು ವಿಚಾರವನ್ನು ಸಾವಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. ಜಾತ್ರೆಯ ಯಂತ್ರಕ್ಕೂ ಪಾಠಶಾಲೆಯ ಯಂತ್ರಕ್ಕೂ ಇದ್ದ ಭೇದವೇನು? ತಿದಿಗಳು ಅವೇ, ಪೀಠವು ಅದೇ. ಪಾಠಶಾಲೆಯ ಯಂತ್ರದ ಪಕ್ಕದಲ್ಲಿ ಮಾತ್ರ ಒಂದು ಮೇಜಿತ್ತು. ಮೇಜಿನ ಹಿಂದೆ ಒಬ್ಬ ಉಪಾಧ್ಯಾಯನಿದ್ದನು. ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ ಮೂರು ಗಾಲಿಗಳ ಸಣ್ಣ ಸಾಧನವೊಂದು ಏಡಿಯಂತೆ ಹರಿದಾಡುತ್ತಾ, ವಿದ್ಯಾರ್ಥಿಯು ಹಾರಿದ ದಾರಿಯನ್ನೆಲ್ಲ ಮಸಿಯಿಂದ ಗೀಚುತ್ತಿತ್ತು. ಮುಚ್ಚಿದ ಗೂಡಿನಲ್ಲಿ ಕುಳಿತ ವಿದ್ಯಾರ್ಥಿಗೆ ತಾನು ನೆಟ್ಟಗೆ ಹೋಗುತ್ತಿದ್ದೇನೆಂಬ ನಂಬಿಕೆ. ಹೊರಗೆ ಬಂದು ನಕ್ಷೆಯನ್ನು ನೋಡಿದರೆ ಗೆರೆಯು ಎಲ್ಲೋ ಬೆಟ್ಟಕ್ಕೆ ಬಡಿದು ನಿಂತಿರುವುದು. ಆ ಗೆರೆಯೇ ವಿದ್ಯೆ. ತಪ್ಪುಮಾಡುವುದಕ್ಕೆ ಅವಕಾಶವನ್ನು ಕೊಟ್ಟು, ಆ ತಪ್ಪಿಗೆ ಪ್ರಾಣವನ್ನು ತೆರದಂತೆ ಕಾಪಾಡಿ, ತಪ್ಪನ್ನು ಮಾತ್ರ ಉಳಿಸಿಕೊಂಡು ತೋರಿಸುವುದು. ವಿನೋದದ ಯಂತ್ರದಲ್ಲಿ ಕುಲುಕಾಟವಿದೆ, ಗೆರೆಯಿಲ್ಲ.

ವಿನೋದವನ್ನು ನಾನು ಹೀನವೆಂದು ಹೇಳುತ್ತಿಲ್ಲ. 1962ರಲ್ಲಿ ಮಾರ್ಟನ್ ಹೈಲಿಗ್ ಎಂಬ ಅಮೆರಿಕದವನು ಸೆನ್ಸೊರಾಮ ಎಂಬ ಪೆಟ್ಟಿಗೆಗೆ ಪೇಟೆಂಟನ್ನು ಪಡೆದನು. ಅದರಲ್ಲಿ ತಲೆಯಿಟ್ಟು ಕುಳಿತರೆ ಮೋಟಾರು ಸೈಕಲ್ಲಿನ ಸವಾರಿಯ ಚಿತ್ರ, ಅದಕ್ಕೆ ತಕ್ಕ ಶಬ್ದ, ಆಸನದ ನಡುಕ, ಮುಖಕ್ಕೆ ಬೀಸುವ ಗಾಳಿ, ಬೀದಿಯ ವಾಸನೆ ಎಲ್ಲವೂ ಇದ್ದುವು. ಹಣ ಹಾಕುವವರು ದೊರೆಯದೆ ಅದು ಅಲ್ಲಿಗೇ ನಿಂತಿತು. 1968ರಲ್ಲಿ ಐವಾನ್ ಸದರ್ಲೆಂಡ್ ಎಂಬ ವಿದ್ವಾಂಸನು ತಲೆಗೆ ತೊಡುವ ದರ್ಶನಯಂತ್ರವನ್ನು ಗಣಕಕ್ಕೆ ಜೋಡಿಸಿದನು. ಅದರ ಭಾರವನ್ನು ಹೊರಲಾರದೆ ಮಾಳಿಗೆಯ ಜಂತಿಗೆ ತೂಗುಹಾಕಬೇಕಾಯಿತು. 1987ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನವರು ವಿಮಾನಶಿಕ್ಷಣದ ಯಂತ್ರಗಳನ್ನೇ ತಂದು ಆಕಾಶಯಾತ್ರೆಯ ವಿನೋದವನ್ನು ಏರ್ಪಡಿಸಿದರು. ಜಾತ್ರೆಯಿಂದ ಪಾಠಶಾಲೆಗೆ ಹೋದ ಮಗನು ಹೀಗೆ ಐವತ್ತು ವರ್ಷಗಳ ಮೇಲೆ ಜಾತ್ರೆಗೆ ಮರಳಿಬಂದಂತಾಯಿತು. ನಾನೂ ಒಂದು ವಸ್ತುಪ್ರದರ್ಶನದಲ್ಲಿ ಈ ಕನ್ನಡಕವನ್ನು ಕಟ್ಟಿಸಿಕೊಂಡು, ಪಾತಾಳಕ್ಕೆ ಬೀಳುವ ಚಿತ್ರವು ಬಂದೊಡನೆ ಪಕ್ಕದಲ್ಲಿದ್ದ ಅಪರಿಚಿತರ ಭುಜವನ್ನು ಬಲವಾಗಿ ಹಿಡಿದುಕೊಂಡು, ಆಮೇಲೆ ಅವರಲ್ಲಿ ಕ್ಷಮೆಯನ್ನು ಬೇಡಿದ್ದೇನೆ. ನನ್ನ ಮೊಮ್ಮಗನು ಇಂದಿಗೂ ಅದನ್ನು ಹೇಳಿ ನಗುತ್ತಾನೆ.

ಇಂತಹ ಯಂತ್ರಗಳು ದೂರದೇಶದ ವಿಚಿತ್ರಗಳೆಂದು ಭಾವಿಸಬಾರದು. ಇಲ್ಲಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವ ಬೆಂಗಳೂರು ಈ ವಿದ್ಯೆಗೆ ನಮ್ಮ ದೇಶದಲ್ಲಿ ಒಂದು ಮುಖ್ಯ ಸ್ಥಾನವಾಗಿರುವುದು. ವಿಮಾನಪುರದ ಕಡೆ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ. ಆರು ಕಾಲಿನ ಪೀಠವು ಎಷ್ಟು ವಾಲಿದರೂ, ಯುದ್ಧವಿಮಾನವು ತಿರುಗುವಾಗ ಚಾಲಕನ ಮೈಮೇಲೆ ಬೀಳುವ ಭಾರವನ್ನು ಉಂಟುಮಾಡಲಾರದು. ಅದಕ್ಕಾಗಿ ಅಲ್ಲಿ ಉದ್ದವಾದ ತೋಳಿನ ತುದಿಯಲ್ಲಿ ಗೂಡನ್ನು ಕಟ್ಟಿ, ಮನುಷ್ಯನನ್ನು ಅದರಲ್ಲಿ ಕೂರಿಸಿ, ಗಿರಗಿರನೆ ತಿರುಗಿಸುವ ಯಂತ್ರವನ್ನಿಟ್ಟಿದ್ದಾರೆ. ಜೋಳದ ಹೊಲದಲ್ಲಿ ಹಕ್ಕಿಯನ್ನೋಡಿಸಲು ಕವಣೆಯನ್ನು ಬೀಸುವಾಗ ಕಲ್ಲು ಹೇಗೆ ಹೊರಕ್ಕೆ ಜಗ್ಗುವುದೋ, ಹಾಗೆಯೇ ಒಳಗಿನವನ ರಕ್ತವೆಲ್ಲ ತಲೆಯಿಂದ ಕಾಲಿಗೆ ಜಗ್ಗುವುದು. ಉಸಿರನ್ನೂ ತೊಡೆಯ ಸ್ನಾಯುಗಳನ್ನೂ ಬಿಗಿಹಿಡಿಯುವ ಕ್ರಮವನ್ನು ಕಲಿಯದಿದ್ದರೆ ಕಣ್ಣಿಗೆ ಕತ್ತಲೆ ಕವಿಯುವುದು. ಗಗನಯಾನಕ್ಕಾಗಿ ವಾಯುಸೇನೆಯ ವಿಮಾನಿಕರನ್ನು 2019ರಲ್ಲಿ ಪರೀಕ್ಷಿಸಿ ಆರಿಸಲು ಮೊದಲುಮಾಡಿದ್ದು ಇದೇ ಸಂಸ್ಥೆಯಲ್ಲಿ. ಆಯ್ಕೆಯಾದ ನಾಲ್ವರು ರಷ್ಯಾದೇಶದಲ್ಲಿಯೂ ಆಮೇಲೆ ಬೆಂಗಳೂರಿನ ಇಸ್ರೋ ಶಿಕ್ಷಣಕೇಂದ್ರದಲ್ಲಿಯೂ ಅಭ್ಯಾಸಮಾಡಿದರು. ಅವರಲ್ಲಿ ಒಬ್ಬರಾದ ಶುಭಾಂಶು ಶುಕ್ಲ ಅವರು 2025ನೆಯ ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಮುಟ್ಟಿ, ಜುಲೈ 15ರಂದು ಭೂಮಿಗೆ ಮರಳಿದುದನ್ನು ನೀವು ಪತ್ರಿಕೆಗಳಲ್ಲಿ ಓದಿರುವಿರಿ.

ತೇಜಸ್ ವಿಮಾನದ ಸಂಗತಿಯೂ ಹೀಗೆಯೇ. ಗಣಕದ ನೆರವಿಲ್ಲದೆ ಗಾಳಿಯಲ್ಲಿ ನಿಲ್ಲಲಾರದಂತೆ, ಬೇಕೆಂದೇ ಅಸ್ಥಿರವಾಗಿ ರಚಿಸಲ್ಪಟ್ಟ ವಿಮಾನವದು. ಅದನ್ನು ಮೊದಲ ಸಾರಿ ಹಾರಿಸುವವನಿಗೆ ಹೇಳಿಕೊಡಲು ಹಿಂದೆ ಅದನ್ನು ಹಾರಿಸಿದವರು ಯಾರೂ ಇರಲಿಲ್ಲವಷ್ಟೆ. ಬೆಂಗಳೂರಿನ ರಕ್ಷಣಾ ಸಂಶೋಧನಾಲಯದವರು ಕಟ್ಟಿದ ಅನುಕರಣ ಯಂತ್ರಗಳಲ್ಲಿ, ಇನ್ನೂ ಹಾರದ ವಿಮಾನವನ್ನು ಹಾರಿಸಿ ಹಾರಿಸಿ ನೋಡಿದ ಮೇಲೆ, 2001ನೆಯ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಬೆಂಗಳೂರಿನ ಆಕಾಶದಲ್ಲಿ ಅದನ್ನು ನಿಜವಾಗಿ ಹಾರಿಸಿದರು. ಹೆಲಿಕಾಪ್ಟರ್ ಚಾಲಕರ ಶಿಕ್ಷಣಕ್ಕಾಗಿ ಹಿಂದುಸ್ಥಾನ್ ಏರೋನಾಟಿಕ್ಸ್‌ನವರು ಕೆನಡಾದ ಸಿ.ಎ.ಇ. ಸಂಸ್ಥೆಯೊಡನೆ ಕೂಡಿ ನಡೆಸುವ ಹ್ಯಾಟ್ಸಾಫ್ ಎಂಬ ಶಾಲೆಯೂ ಅಲ್ಲಿಯೇ ಇರುವುದು. ಇವೆಲ್ಲ ಸಾಮಾನ್ಯರಿಗೆ ಪ್ರವೇಶವಿಲ್ಲದ ಸ್ಥಳಗಳು. ಮಕ್ಕಳಿಗೆ ತೋರಿಸಬೇಕೆನ್ನುವವರು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯು ಅಲ್ಲಿದೆ.

ಯಂತ್ರವು ಸುಳ್ಳನ್ನು ಕಲಿಸುವುದೂ ಉಂಟು. ಇದನ್ನು ಮುಚ್ಚಿಟ್ಟರೆ ನನ್ನ ಉಪನ್ಯಾಸವು ವ್ಯಾಪಾರದ ಜಾಹೀರಾತಾಗುವುದು. 2001ನೆಯ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಮೇಲೆದ್ದ ಪ್ರಯಾಣಿಕರ ವಿಮಾನವೊಂದು, ಮುಂದೆ ಹೋದ ವಿಮಾನವು ಎಬ್ಬಿಸಿದ ಗಾಳಿಯ ಸುಳಿಗೆ ಸಿಕ್ಕಿ ಸ್ವಲ್ಪ ಅಲುಗಾಡಿತು. ಸಹಚಾಲಕನು ಬಾಲದ ಚುಕ್ಕಾಣಿಯನ್ನು ಪಾದದಿಂದ ಅತ್ತ ಇತ್ತ ಬಲವಾಗಿ ಒತ್ತಿದನು. ಬಾಲವು ಮುರಿದುಬಿದ್ದು ವಿಮಾನದಲ್ಲಿದ್ದ 260 ಮಂದಿಯೂ ನೆಲದ ಮೇಲಿದ್ದ ಐದು ಮಂದಿಯೂ ತೀರಿಕೊಂಡರು. ವಿಚಾರಣಾ ಮಂಡಲಿಯು ಶೋಧಿಸಿ ನೋಡಲಾಗಿ, ಆ ಕಂಪೆನಿಯ ಶಿಕ್ಷಣಕ್ರಮವೂ ಒಂದು ಕಾರಣವೆಂದು ಗೊತ್ತಾಯಿತು. ಸಿಮ್ಯುಲೇಟರಿನ ಅಭ್ಯಾಸದಲ್ಲಿ ಗಾಳಿಯ ಸುಳಿಯನ್ನು ನಿಜಕ್ಕಿಂತ ಘೋರವಾಗಿ ತೋರಿಸಲಾಗುತ್ತಿತ್ತು. ಆ ಘೋರಕ್ಕೆ ತಕ್ಕ ಬಲವಾದ ಪ್ರತಿಕ್ರಿಯೆಯನ್ನು ಕೈಕಾಲುಗಳು ಕಲಿತುಬಿಟ್ಟಿದ್ದುವು. ಯಂತ್ರವು ಶರೀರವನ್ನು ವಂಚಿಸಬಹುದು. ಯಂತ್ರವನ್ನು ರಚಿಸಿದವನು ಪ್ರಕೃತಿಯನ್ನು ವಂಚಿಸಕೂಡದು.

ಇಷ್ಟು ದೂರ ಸುತ್ತಿ ಈಗ ನಮ್ಮ ದಾರಿಗೆ ಬರುತ್ತೇನೆ. ರೇಷ್ಮೆಯೂ ಬೇಸಾಯವೂ ಸಾಲದಾಗಿ ನಮ್ಮ ಕಡೆಯ ಎಷ್ಟೋ ಹುಡುಗರು ಲಾರಿ, ಬಸ್ಸು, ಟೆಂಪೋಗಳ ಚಾಲಕರಾಗಿ ಹೊಟ್ಟೆಯನ್ನು ಹೊರೆಯುತ್ತಿದ್ದಾರೆ. ಕೇಂದ್ರ ಸರ್ಕಾರವು 2021ರ ಜೂನ್ ತಿಂಗಳಲ್ಲಿ ಒಂದು ನಿಯಮವನ್ನು ಪ್ರಕಟಿಸಿ ಜುಲೈ 1ರಿಂದ ಜಾರಿಗೆ ತಂದಿತು. ಅದರಂತೆ ಮಾನ್ಯತೆಯನ್ನು ಪಡೆದ ಚಾಲಕಶಿಕ್ಷಣ ಕೇಂದ್ರದಲ್ಲಿ ಸಿಮ್ಯುಲೇಟರೂ ಪ್ರತ್ಯೇಕವಾದ ಪರೀಕ್ಷಾಪಥವೂ ಇರತಕ್ಕದ್ದು. ಲಘುವಾಹನಗಳಿಗೆ ನಾಲ್ಕು ವಾರಗಳಲ್ಲಿ 29 ಗಂಟೆ, ಭಾರಿ ವಾಹನಗಳಿಗೆ ಆರು ವಾರಗಳಲ್ಲಿ 38 ಗಂಟೆಗಳ ಶಿಕ್ಷಣವನ್ನು ಗೊತ್ತುಮಾಡಿದ್ದಾರೆ. ಈ ಏರ್ಪಾಡನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಾನು ನೋಡಿದ ಒಂದು ಯಂತ್ರದ ಪರದೆಯ ಮೇಲೆ ಓಡುತ್ತಿದ್ದ ದಾರಿಯು ಯಾವುದೋ ಪರದೇಶದ ಹೆದ್ದಾರಿ. ನುಣುಪಾದ ಡಾಂಬರು, ಎರಡು ಕಡೆಯೂ ಬಿಳಿಯ ಗೆರೆ, ಒಂದು ನಾಯಿಯೂ ಅಡ್ಡಬಾರದು. ಕಾಮಗೆರೆಯ ಹುಡುಗನಿಗೆ ಅದರಿಂದೇನು? ಅವನಿಗೆ ಬೇಕಾದುದು ತಾಳಬೆಟ್ಟದ ತಿರುವು. ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ತಪ್ಪುವ ಮೊದಲ ಲಕ್ಷಣ. ಬಿಳಿಗಿರಿಯ ಕಾಡಿನ ದಾರಿಯಲ್ಲಿ ಮಬ್ಬುಗತ್ತಲೆಯೊಳಗೆ ಹಠಾತ್ತಾಗಿ ನಿಂತ ಆನೆ. ದೀಪವಿಲ್ಲದೆ ಬರುವ ಕಬ್ಬಿನ ಗಾಡಿ. ಶಿವರಾತ್ರಿಯ ಸಮಯದಲ್ಲಿ ದಾರಿಯುದ್ದಕ್ಕೂ ನಡೆಯುವ ಮಹದೇಶ್ವರನ ಪಾದಯಾತ್ರಿಕರು. ಇವುಗಳನ್ನೆಲ್ಲ ಚಿತ್ರಿಸಿ ಯಂತ್ರಕ್ಕೆ ತುಂಬುವುದು ಇಂದಿನ ಎಂಜಿನಿಯರುಗಳಿಗೆ ಅಸಾಧ್ಯವಾದ ಕೆಲಸವಲ್ಲ. ನಮ್ಮ ತಾಲ್ಲೂಕುಗಳಿಂದಲೇ ಹೋಗಿ ಎಂಜಿನಿಯರುಗಳಾದವರು ಈ ಸಭೆಯಲ್ಲಿಯೂ ಕೆಲವರು ಕಾಣುತ್ತಿದ್ದಾರೆ. ಅವರಲ್ಲಿ ನನ್ನ ಬಿನ್ನಹವಿದು: ಶ್ರೀಮಠದ ವಿದ್ಯಾಸಂಸ್ಥೆಗಳಿಗೆ ಏನಾದರೂ ಕಾಣಿಕೆಯನ್ನು ಕೊಡಬೇಕೆಂದಿದ್ದರೆ ತಾಳಬೆಟ್ಟದ ದಾರಿಯನ್ನು ಅಳೆದು, ಚಿತ್ರಿಸಿ, ಅಂತಹ ಒಂದು ಪಾಠವನ್ನು ಕಟ್ಟಿಕೊಡಿರಿ. ಯಂತ್ರದ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂರಲು, ಘಟ್ಟದಲ್ಲಿ ಗಾಡಿ ಹೊಡೆದು ನಿವೃತ್ತರಾದ ಹಿರಿಯ ಚಾಲಕರು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಮನೆಗಳಲ್ಲಿ ಹುಡುಗರು ಮೊಬೈಲಿನಲ್ಲಿ ಆಡುವ ಕಾರಿನ ಆಟವು ಇದಕ್ಕೆ ಬದಲಾಗಲಾರದು. ಅಲ್ಲಿ ಗಾಡಿಯು ಕಂದಕಕ್ಕೆ ಬಿದ್ದರೆ ಒಂದು ಗುಂಡಿಯನ್ನು ಒತ್ತಿದೊಡನೆ ಹೊಸ ಗಾಡಿ ಬರುವುದು. ಯಾಕೆ ಬಿದ್ದೆಯೆಂದು ಕೇಳುವವರಿಲ್ಲ.

ಹಿರಿಯ ಚಾಲಕರ ಮಾತು ಬಂದುದರಿಂದ ಒಂದು ಅನುಭವವನ್ನು ಹೇಳಿ ಮುಗಿಸುತ್ತೇನೆ. ಅನೇಕ ವರ್ಷಗಳ ಹಿಂದೆ ನಾನು ಸಂಸಾರಸಮೇತನಾಗಿ ಬೆಟ್ಟದಿಂದ ಬಸ್ಸಿನಲ್ಲಿ ಇಳಿದು ಬರುತ್ತಿದ್ದೆನು. ಅರ್ಧ ದಾರಿಯಲ್ಲಿ ಬ್ರೇಕು ಹಿಡಿಯದೆ ಹೋಯಿತು. ನಮಗೆ ಅದು ಗೊತ್ತಾದುದು ಆಮೇಲೆ. ಚಾಲಕನು ಕೂಗಲಿಲ್ಲ, ಹಿಂದಿರುಗಿ ನೋಡಲಿಲ್ಲ. ಗೇರನ್ನು ಒಂದೊಂದಾಗಿ ಇಳಿಸಿದನು. ಎರಡು ತಿರುವುಗಳನ್ನು ದಾಟಿಸಿ, ಮೂರನೆಯದಕ್ಕೆ ಮುಂಚೆ ಬಲಗಡೆಯ ಮಣ್ಣಿನ ಗೋಡೆಗೆ ಬಸ್ಸಿನ ಮಗ್ಗುಲನ್ನು ಉಜ್ಜಿ ಉಜ್ಜಿ ನಿಲ್ಲಿಸಿದನು. ಕಿಟಕಿಗಳು ಒಡೆದುವು, ಒಬ್ಬ ಮುದುಕಿಯ ಮೊಣಕೈ ತರೆಯಿತು, ಅಷ್ಟೆ. ಎಲ್ಲರೂ ಇಳಿದು ದಾರಿಯ ಪಕ್ಕದಲ್ಲಿ ಕುಳಿತಾಗ ನಾನು ಆತನಿಗೆ ನೀರನ್ನು ಕೊಟ್ಟು, "ಅಣ್ಣಾ, ಇಂಥ ಗಳಿಗೆಯಲ್ಲಿ ಹೀಗೆ ಮಾಡಬೇಕೆಂದು ನಿಮಗೆ ಯಾರು ಕಲಿಸಿದರು?" ಎಂದು ಕೇಳಿದೆನು. ಆತನ ಕೈಗಳು ಆಗ ನಡುಗತೊಡಗಿದ್ದುವು. ಆತನು ಹೇಳಿದ್ದನ್ನು ಆತನ ಮಾತಿನಲ್ಲಿಯೇ ಹೇಳುತ್ತೇನೆ: "ಯಾರು ಕಲಿಸ್ತಾರೆ ಮೇಷ್ಟ್ರೆ? ದಿನಾ ರಾತ್ರಿ ಮನಿಕ್ಕೊಂಡಾಗ ಕಣ್ಣು ಮುಚ್ಕೊಂಡು ಈ ಬೆಟ್ಟನ ಒಂದ್ಸಲ ಇಳಿಸ್ಕೊಂಡು ಬತ್ತೀನಿ. ಇಲ್ಲಿ ಬ್ರೇಕು ಹೋದ್ರೆ ಎಲ್ಲಿ ಒರಗಿಸ್ಲಿ, ಅಲ್ಲಿ ಹೋದ್ರೆ ಎಲ್ಲಿ ಒರಗಿಸ್ಲಿ ಅಂತ. ಈ ಗುಡ್ಡಕ್ಕೆ ಎಷ್ಟು ಸಲ ಗುದ್ದಿವ್ನೋ ಲೆಕ್ಕ ಇಲ್ಲ. ಇವತ್ತು ಒಂದು ಸಲ ನಿಜವಾಗಿ ಗುದ್ದಿದೆ, ಅಷ್ಟೆಯ."